ಕಾಲುವೆ ದಂಡೆಯ ಬಜೆ

ಗಂಡನನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದಾಗ ನನಗೂ ಜ್ವರವಿತ್ತು. ಜೊತೆಗೆ ಹೋಗಲು ಬಿಡಲಿಲ್ಲ. ಡಚ್ ನಾಡಿನ ಡೀಮೆನ್‌ನ ನಮ್ಮ ಫ್ಲಾಟಿನ ಬಾಗಿಲಲ್ಲಿ ನಿಂತು ನೋಡಿದೆ, ಅಷ್ಟೇ. ಕೊರೋನಾ ಬಂದ ಮೊದಲ ವಸಂತ ಅದು. ಮರುದಿನ ಆಸ್ಪತ್ರೆಯಿಂದ ಫೋನು ಬಂತು. ಉಸಿರಾಟದ ಯಂತ್ರ ಹಾಕಿದ್ದೇವೆ, ನೀವು ಬರುವಂತಿಲ್ಲ, ದಿನಕ್ಕೊಮ್ಮೆ ನಾವೇ ಕರೆ ಮಾಡುತ್ತೇವೆ. ಆಮೇಲೆ ನಾನು ಬದುಕಿದ್ದು ಆ ಒಂದು ಕರೆಗಾಗಿ. ಕೇಳಿಸುತ್ತಿದ್ದದ್ದು ಒಂದೇ ಮಾತು: "ಹಾಗೇ ಇದ್ದಾರೆ, ಮೇಡಂ."

ಪಕ್ಕದ ಫ್ಲಾಟಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರಿದ್ದರು. ಕೆನಡಾದ ಮೂಲನಿವಾಸಿಗಳಾದ ಮೋಹಾಕ್ ಜನಾಂಗದವರು. ಡಚ್ ಗಂಡನ ಜೊತೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಅಲ್ಲಿಯವರೆಗೆ ನಮ್ಮದು ಲಿಫ್ಟಿನಲ್ಲಿ ಮುಗುಳುನಗುವಷ್ಟೇ ಪರಿಚಯ. ನನ್ನ ಕೆಮ್ಮು ಗೋಡೆಯಾಚೆ ಕೇಳಿಸಿತೋ ಏನೋ, ಒಂದು ಬೆಳಿಗ್ಗೆ ಬಾಗಿಲು ತಟ್ಟಿ ದೂರ ಸರಿದು ನಿಂತರು. ಹೊಸ್ತಿಲಲ್ಲಿ ಬಿಸಿ ಸೂಪು, ಜೊತೆಗೆ ಒಣಗಿದ ಬೇರಿನ ತುಂಡು.

"ಗಂಟಲಿಗೆ," ಎಂದರು ಇಂಗ್ಲಿಷಿನಲ್ಲಿ. "ಚೂರೇ ಚೂರು ಬಾಯಲ್ಲಿಟ್ಟುಕೋ. ನಮ್ಮಜ್ಜಿ ಕೊಡ್ತಿದ್ದದ್ದು. ಇಲ್ಲಿ ಹಿಂದಿನ ಕಾಲುವೇಲೂ ಬೆಳೆಯುತ್ತೆ."

ನನ್ನ ಮೂಗು ಸತ್ತುಹೋಗಿತ್ತು, ವಾಸನೆ ತಿಳಿಯಲಿಲ್ಲ. ಆದರೆ ಆ ಗಂಟುಗಂಟು ಬೇರನ್ನು ಎಲ್ಲೋ ನೋಡಿದ್ದೆ. ವಿಡಿಯೋ ಕಾಲಿನಲ್ಲಿ ಉಡುಪಿಯ ಅಮ್ಮನಿಗೆ ತೋರಿಸಿದೆ.

"ಅದು ಬಜೆ ಅಲ್ವಾ ಮಾರಾಯ್ತಿ!" ಎಂದರು ಅಮ್ಮ. "ನೀನು ಶಿಶು ಇದ್ದಾಗ ತೇದು ನಾಲಿಗೆಗೆ ಹಚ್ಚಿದ್ದೇನೆ. ಅಲ್ಲಿ ಯಾರು ಕೊಟ್ಟದ್ದು ನಿಂಗೆ?"

ಅಲ್ಲಿಂದ ನನ್ನ ತಲೆ ಕೆಟ್ಟಿತು. ಎರಡು ಖಂಡಗಳ ಅಜ್ಜಿಯರು ನಂಬಿದ ಬೇರೆಂದರೆ ಅದರಲ್ಲಿ ಏನೋ ಇರಲೇಬೇಕು, ಅದು ಹೇಗಾದರೂ ಗಂಡನ ಬಾಯಿಗೆ ಸೇರಬೇಕು ಎನಿಸಿತು. ಆಸ್ಪತ್ರೆಯಿಂದ ಕರೆ ಬಂದಾಗ ಕೇಳಿಯೇಬಿಟ್ಟೆ. ನರ್ಸ್ ಆಗುವುದಿಲ್ಲ ಎಂದಳು. ನಾನು ನೆರೆಮನೆಯ ಬಾಗಿಲಿಗೆ ಹೋಗಿ ಅಂಗಲಾಚಿದೆ.

"ನೀವು ಹೇಳಿದ್ರೆ ಕೇಳಬಹುದು. ನಿಮ್ಮ ಔಷಧಿ ಇದು. ಪ್ಲೀಸ್, ಫೋನ್ ಮಾಡಿ."

"ಈ ಬೇರು ಆ ಕೆಲಸ ಮಾಡೋದಿಲ್ಲ, ಮಗಳೇ. ಅವನನ್ನ ಉಳಿಸಬೇಕಾದದ್ದು ಡಾಕ್ಟರು. ನಾನು ಕೊಟ್ಟದ್ದು ನಿನಗೆ."

"ನನಗೇನೂ ಬೇಕಾಗಿಲ್ಲ!"

"ಗೊತ್ತು. ಅದಕ್ಕೇ ಕೊಟ್ಟೆ."

ದಿನವೂ ಸಂಜೆ ಆರಕ್ಕೆ ಅವರು ಎಲ್ಲ ಫ್ಲಾಟುಗಳ ಮುಂದೆ ಹಾಯುವ ಉದ್ದ ತೆರೆದ ಮೊಗಸಾಲೆಗೆ ಬಂದು ನಿಲ್ಲುತ್ತಿದ್ದರು. ಕೆಲವು ನೆರೆಯವರೂ ತಂತಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು. ಆ ಹೆಂಗಸು ತಮ್ಮ ಭಾಷೆಯಲ್ಲಿ ನೀರಿಗೆ, ಗಿಡಗಳಿಗೆ, ಹಕ್ಕಿಗಳಿಗೆ, ಸೂರ್ಯನಿಗೆ ಒಂದೊಂದಾಗಿ ಕೃತಜ್ಞತೆ ಹೇಳಿ, ನಮಗಾಗಿ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಅವರ ಊರಲ್ಲಿ ಜನ ಸೇರಿದಾಗಲೆಲ್ಲ ಮೊದಲು ಇದನ್ನೇ ಹೇಳುವುದಂತೆ, ಎಲ್ಲರ ಮನಸ್ಸು ಒಂದಾಗಲಿ ಎಂದು. ಬೇರು ಕೀಳುವ ಮೊದಲೂ ಚಿಟಿಕೆ ತಂಬಾಕು ಇಟ್ಟು ಗಿಡದ ಅಪ್ಪಣೆ ಕೇಳುತ್ತಾರಂತೆ.

ಮೂತ್ರಪಿಂಡವೂ ಸೋಲುತ್ತಿದೆ ಎಂದು ಆಸ್ಪತ್ರೆಯವರು ಹೇಳಿದ ದಿನ ನನಗೆ ತಡೆಯಲಾಗಲಿಲ್ಲ. ಬಾಗಿಲು ತೆರೆದು ಕಿರುಚಿದೆ. "ಯಾವುದಕ್ಕೆ ಥ್ಯಾಂಕ್ಸ್? ಹೇಳಿ, ಯಾವುದಕ್ಕೆ? ನನ್ನ ಗಂಡ ಅಲ್ಲಿ ಒಬ್ಬನೇ ಸಾಯ್ತಿದ್ದಾನೆ!"

ನಾನು ಹೊಸ್ತಿಲಲ್ಲೇ ಕುಸಿದು ಕುಳಿತೆ. ಅವರೂ ತಮ್ಮ ಹೊಸ್ತಿಲಲ್ಲಿ ಕುಳಿತರು. ಮೊಗಸಾಲೆಯ ಕೊನೆಯ ಫ್ಲಾಟಿನ ಮುದುಕ ಒಂದು ಕುರ್ಚಿ ತಂದು ಹಾಕಿಕೊಂಡ. ಚಳಿಗಾಳಿ ಬೀಸುತ್ತಿತ್ತು. ಕತ್ತಲಾಗುವವರೆಗೂ ಯಾರೂ ಒಳಗೆ ಹೋಗಲಿಲ್ಲ.

ಅದಾಗಿ ಕೆಲವು ದಿನಗಳಲ್ಲೇ ಅವರ ಬಾಗಿಲು ಸಂಜೆ ತೆರೆಯಲಿಲ್ಲ. ನಾನೇ ತಟ್ಟಿದೆ. ಕೆನಡಾದಲ್ಲಿ ಅವರ ತಂಗಿ ಅದೇ ರೋಗದಿಂದ ತೀರಿಕೊಂಡಿದ್ದರು. ತಂಗಿ ಹಾಸಿಗೆ ಹಿಡಿದ ವಿಷಯವನ್ನೇ ಅವರು ನನಗೆ ಹೇಳಿರಲಿಲ್ಲ. ಹೋಗಲು ವಿಮಾನವಿರಲಿಲ್ಲ.

"ಇವತ್ತು ಕೃತಜ್ಞತೆ ಹೇಳೋಕೆ ನನ್ನ ಕೈಲಿ ಆಗೋದಿಲ್ಲ," ಎಂದರು. "ನೀನು ಹೇಳು."

"ನನಗೆ ನಿಮ್ಮ ಮಾತು ಬರೋದಿಲ್ಲ."

"ನಿನ್ನ ಮಾತಲ್ಲೇ ಹೇಳು."

ಗಂಡ ಇನ್ನೂ ಯಂತ್ರದಲ್ಲೇ ಇದ್ದ. ಕೃತಜ್ಞತೆಯ ಹನಿಯೂ ನನ್ನೊಳಗಿರಲಿಲ್ಲ. ಆದರೂ ಮೊಗಸಾಲೆಯಲ್ಲಿ ನಿಂತು, ನೀರಿಗೆ, ಮಣ್ಣಿಗೆ, ಗಾಳಿಗೆ ಎಂದು ಒಂದೊಂದೇ ಹೆಸರು ಹೇಳಿದೆ. ಗಾಳಿ ಎನ್ನುವಾಗ ದನಿ ನಿಂತೇಹೋಯಿತು. ಅವರು ಬಾಗಿಲಿಗೆ ಒರಗಿ ಅಳುತ್ತಿದ್ದರು.

ನನ್ನ ಗಂಡ ಉಳಿದುಕೊಂಡ. ತಾನಾಗಿ ಉಸಿರಾಡುತ್ತಿದ್ದಾನೆಂದು ಕರೆ ಬಂದಾಗ ಮೊದಲು ಓಡಿದ್ದು ಪಕ್ಕದ ಮನೆಯವರ ಬಾಗಿಲಿಗೆ. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕರು. ಆದರೆ ಮನೆಗೆ ಬಂದವನು ಹೋದವನಲ್ಲ. ಚಮಚ ಹಿಡಿದರೆ ಕೈ ನಡುಗುತ್ತಿತ್ತು, ಎರಡು ಮಾತಿಗೆ ಏದುಸಿರು, ನನ್ನ ಮೇಲೆ ಕಾರಣವಿಲ್ಲದ ಸಿಟ್ಟು. ಹಳೆಯ ಕೆಲಸಕ್ಕೆ ಅವನು ಮರಳಲೇ ಇಲ್ಲ.

ವಿಮಾನಗಳು ಶುರುವಾದಾಗ ಪಕ್ಕದ ಮನೆಯವರು ಮನೆ ಖಾಲಿ ಮಾಡಿ ಊರಿಗೆ ಹೊರಟರು. ಸೂಟ್‌ಕೇಸ್ ಎಳೆದುಕೊಂಡು ಮೆಟ್ರೋವರೆಗೆ ನಾನೂ ಹೋದೆ.

"ಊರಿಗೆ ಹೋದಾಗೆಲ್ಲ ಬಾಗಿಲು ತೆಗೆಯುತ್ತಿದ್ದದ್ದು ತಂಗಿ," ಎಂದರು ಪ್ಲಾಟ್‌ಫಾರ್ಮಿನಲ್ಲಿ. "ಈಗ ಯಾರು ತೆಗೀತಾರೆ?"

ಮೆಟ್ರೋ ಬರುವವರೆಗೂ ಅವರ ಕೈ ಹಿಡಿದು ನಿಂತಿದ್ದೆ.