ಬಟ್ಟೆ ತನ್ನಿ, ಜೊತೆಗೆ ನೀವೂ ಬನ್ನಿ

ನೂಲಿನ ಗಿರಣಿ ಮುಚ್ಚಿದಾಗ ಲೆಂಪಿ ತರ್ವೈನೆನ್‌ಗೆ ಐವತ್ತು ಸಮೀಪಿಸುತ್ತಿತ್ತು. ಗಿರಣಿಯಲ್ಲಿ ಅವಳ ಜೊತೆ ದುಡಿದ ಹೆಂಗಸರಲ್ಲಿ ಅನೇಕರು ಆ ಬೇಸಿಗೆಯಲ್ಲೇ ಸ್ವೀಡನ್ನಿನ ಕಾರ್ಖಾನೆಗಳನ್ನು ಹುಡುಕಿಕೊಂಡು ಹಡಗು ಹತ್ತಿದರು. ಲೆಂಪಿ ಹತ್ತಲಿಲ್ಲ. ಕೇಳಿದವರಿಗೆ, "ಸಮುದ್ರ ನೋಡಿದ್ರೆ ನಂಗೆ ಹೊಟ್ಟೆ ತೊಳಸತ್ತೆ" ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಮದುವೆ ಮಕ್ಕಳು ಇರಲಿಲ್ಲ. ತೀರಿಹೋದ ಚಿಕ್ಕಮ್ಮನಿಂದ ಬಂದ ದೊಡ್ಡ ಮರದ ಮಗ್ಗವೊಂದು ಮಾತ್ರ ಇತ್ತು. ಅದನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ ಅನ್ನುವುದೇ ನಿಜವಾದ ಕಾರಣ.

ಅವಳ ಊರಾದ ಹೌಕಿನಿಯೆಮಿಯಲ್ಲಿ ಸರೋವರದ ದಡಕ್ಕೆ ತಾಗಿ ಹಳೆಯ ಡೇರಿ ಕಟ್ಟಡವೊಂದು ಖಾಲಿ ಬಿದ್ದಿತ್ತು. ಅದರಲ್ಲಿ ಅವಳು ಬಟ್ಟೆಯ ಪಟ್ಟಿಗಳಿಂದ ಚಿಂದಿ ಜಮಖಾನ ನೇಯುವ ಅಂಗಡಿ ತೆರೆದಳು. ಎದುರಿಗೇ ದೋಣಿಗಟ್ಟೆ. ಅವಳ ತಮ್ಮ ವಿಲ್ಯಾಮಿ ಅಲ್ಲಿ ಕಾರು, ಹಾಲಿನ ಲಾರಿ, ಜನ ಎಲ್ಲವನ್ನೂ ಆಚೆ ದಡಕ್ಕೆ ಒಯ್ಯುವ ಸರಕಾರಿ ತೆಪ್ಪವನ್ನು ನಡೆಸುತ್ತಿದ್ದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಂದು ಕಾಫಿ ಕುಡಿದು, ಒಂದೆರಡು ಚುಚ್ಚುಮಾತು ಆಡಿ ಹೋಗುತ್ತಿದ್ದ. ಅವರ ಆ ಸಾವೊ ಸೀಮೆಯ ಗಂಡಸರಿಗೆ ನೇರವಾಗಿ ಮಾತಾಡಿದರೆ ಎಲ್ಲಿ ಪಾಪ ಬರುತ್ತದೋ ಅನ್ನುವ ಭಯ. ವಿಲ್ಯಾಮಿಗೆ ಆ ಭಯ ಕೊಂಚ ಜಾಸ್ತಿಯೇ ಇತ್ತು.

ಲೆಂಪಿಯ ಕೈ ಗಟ್ಟಿ. ಅವಳು ಮಗ್ಗದ ಹಲಗೆ ಎಳೆದು ಹೊಡೆದರೆ ಕಿಟಕಿಯ ಗಾಜು ಅದುರುತ್ತಿತ್ತು. ಉಡುಪಿನ ಕಾರ್ಖಾನೆಯೊಂದರಿಂದ ಅಂಚಿನ ತುಂಡುಗಳನ್ನು ಮೂಟೆಗಟ್ಟಲೆ ತರಿಸಿ, ಆ ಕಾಲಕ್ಕೆ ಎಲ್ಲರೂ ಮೆಚ್ಚುತ್ತಿದ್ದ ಕಿತ್ತಳೆ, ಕಂದು, ಹಸಿರು ಬಣ್ಣಗಳಲ್ಲಿ ನೇಯ್ದಳು. ಕುವೊಪಿಯೊ ಪೇಟೆಯ ಚೌಕದಲ್ಲಿ, ಮೀನು ತುಂಬಿದ ರೊಟ್ಟಿ ಮಾರುವವರ ಪಕ್ಕದಲ್ಲಿ ಮೇಜು ಹಾಕಿಕೊಂಡು ನಿಂತಳು. ಜನ ಬಂದು ಬೆರಳಲ್ಲಿ ಸವರಿ ನೋಡುತ್ತಿದ್ದರು.

"ಅಂಗಡೀಲಿ ಇದರ ಅರ್ಧಕ್ಕೆ ಸಿಗತ್ತಲ್ಲ. ಇದರಲ್ಲೇನು ವಿಶೇಷ?" ಎಂದು ಒಬ್ಬ ಹೆಂಗಸು ಕೇಳಿದಳು. ತಕರಾರಿನ ದನಿಯಲ್ಲ, ತಿಳಿಯುವ ಆಸೆಯಿಂದಲೇ ಕೇಳಿದ್ದಳು.

"ಗಟ್ಟಿ ಇದೆ," ಎಂದಳು ಲೆಂಪಿ.

"ಅದೂ ಗಟ್ಟೀನೇ."

"ಇದು ಇನ್ನೂ ಗಟ್ಟಿ."

ಆ ಹೆಂಗಸು ಸ್ವಲ್ಪ ಕಾದಳು. ಇನ್ನೇನಾದರೂ ಹೇಳಬಹುದು ಅಂದುಕೊಂಡಳೋ ಏನೋ. ಲೆಂಪಿ ಜಮಖಾನದ ಅಂಚನ್ನು ಎಳೆದು ಸರಿಮಾಡಿದಳು. ಆ ಹೆಂಗಸು ಹೋದ ಮೇಲೂ ಅವಳ ಪ್ರಶ್ನೆ ಮೇಜಿನ ಮೇಲೆಯೇ ಕೂತಿತ್ತು. ಸಂಜೆ ತೆಪ್ಪದ ಮೇಲೆ ಮಾರಾಟವಾಗದ ಸುರುಳಿಗಳ ಮೇಲೆ ಕೂತ ಅಕ್ಕನನ್ನು ನೋಡಿ ವಿಲ್ಯಾಮಿ, "ಎಷ್ಟು ಹೋದ್ವು ಅಂತ ಕೇಳಲ್ಲ ಬಿಡು. ತೆಪ್ಪ ಬೆಳಗ್ಗೆ ಎಷ್ಟು ಭಾರ ಇತ್ತೋ ಈಗ್ಲೂ ಅಷ್ಟೇ ಇದೆ" ಎಂದ.

ಹೀಗೇ ಎರಡು ಚಳಿಗಾಲ ಕಳೆದವು. ಲೆಂಪಿ ಸ್ವಂತ ಕಸುಬಿನ ಮೇಲೆಯೇ ಮುನಿಸಿಕೊಂಡಂತೆ ನೇಯುತ್ತಿದ್ದಳು. ಏಕೆ ನೇಯುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡರೂ ಪೇಟೆಯ ಹೆಂಗಸಿಗೆ ಕೊಟ್ಟ ಉತ್ತರಕ್ಕಿಂತ ಹೆಚ್ಚಿನದೇನೂ ಸಿಗುತ್ತಿರಲಿಲ್ಲ.

ಹಾಗಿರುವಾಗ ಒಂದು ದಿನ ಆಚೆ ದಡದ ರಾಕೆಲ್ ಪೂಸಾ ತೆಪ್ಪದಿಂದ ಇಳಿದು ನೇರ ಅಂಗಡಿಗೆ ಬಂದಳು. ರಾಕೆಲ್ ಕರೇಲಿಯಾದವಳು. ಯುದ್ಧದ ಕೊನೆಯಲ್ಲಿ ಗಡಿ ಈಚೆಗೆ ಸರಿದು ಆ ಸೀಮೆ ಬೇರೆ ದೇಶದ ಪಾಲಾದಾಗ ಮನೆ, ಹೊಲ, ಹೆತ್ತವರ ಸಮಾಧಿ ಎಲ್ಲವನ್ನೂ ಬಿಟ್ಟು, ಹಸುವಿನ ಹಗ್ಗ ಹಿಡಿದು ನಡೆದು ಬಂದವರಲ್ಲಿ ಒಬ್ಬಳು. ಈ ಸೀಮೆಯಲ್ಲಿ ಸಂಸಾರ ಮಾಡಿ ಮೂರು ದಶಕ ಕಳೆದರೂ ಅವಳ ಮಾತಿನ ರಾಗ ಅಲ್ಲಿನದೇ. ಕಂಕುಳಲ್ಲಿ ಒಂದು ಗಂಟು ಇತ್ತು. ಬಿಚ್ಚಿದರೆ, ಅಲ್ಲಲ್ಲಿ ಕಿತ್ತು ನೂಲು ಜೋತಾಡುತ್ತಿದ್ದ ಒಂದು ಹಳೆಯ ಜಮಖಾನ.

"ಇದನ್ನ ರಿಪೇರಿ ಮಾಡ್ತೀಯಾ?"

ಲೆಂಪಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಹಾಸಿನ ನೂಲು ಪೂರ್ತಿ ಕೊಳೆತು ಹೋಗಿದೆ. ಹೊಲಿದ್ರೂ ನಿಲ್ಲಲ್ಲ. ಹೊಕ್ಕಿನ ಬಟ್ಟೆ ಮಾತ್ರ ಚೆನ್ನಾಗಿದೆ."

"ಹಾಗಾದ್ರೆ ಬಿಚ್ಚಿ ಮತ್ತೆ ನೇಯಿ. ಅಮ್ಮ ನೇಯ್ದಿದ್ದು. ಗಾಡೀಲಿ ಆಲೂಗಡ್ಡೆ ಮೇಲೆ ಇದನ್ನ ಹೊದಿಸಿದ್ವಿ, ಅದರ ಮೇಲೆ ತಂಗಿ ಮಲಗಿದ್ಲು. ಆ ಮನೇದು ಅಂತ ನನ್ ಹತ್ರ ಇರೋದು ಇದೊಂದೇ."

ಮಾರನೆಯ ದಿನದಿಂದ ಇಬ್ಬರೂ ಕೂತು ಬಿಚ್ಚತೊಡಗಿದರು. ಲೆಂಪಿ ಒಬ್ಬಳೇ ಮಾಡುತ್ತೇನೆಂದರೂ ರಾಕೆಲ್ ಕೇಳಲಿಲ್ಲ. ಬರುವಾಗ ಅನ್ನ ತುಂಬಿ ಬೇಯಿಸಿದ ತಮ್ಮ ಕಡೆಯ ಕಡುಬು ತರುತ್ತಿದ್ದಳು. ಒಂದೊಂದು ಪಟ್ಟಿ ಕೈಗೆ ಬಂದಾಗಲೂ ಅವಳು ಅದನ್ನು ತೊಡೆಯ ಮೇಲೆ ನೀವಿ ನೋಡುತ್ತಿದ್ದಳು. ನೀಲಿ ಗೀಟಿನದು ಅಪ್ಪನ ಭಾನುವಾರದ ಅಂಗಿ. ಕಪ್ಪು ಅಜ್ಜಿಯ ಲಂಗ. ಬಿಳಿಯದು ಪಡಸಾಲೆಯ ಪರದೆ. ಅದರಾಚೆ ಲಡೋಗಾ ಸರೋವರ ಕಾಣುತ್ತಿತ್ತು. ಕೆಂಪು ಬಂದಾಗ ನಕ್ಕುಬಿಟ್ಟಳು: "ಇದು ನಂದೇ. ಬೇಲಿ ಹಾರೋಕೆ ಹೋಗಿ ಹರ್ಕೊಂಡಿದ್ದು. ಏಟು ಬಿದ್ದಿದ್ದೂ ನಂಗೇ."

ಲೆಂಪಿ ಹೆಚ್ಚು ಮಾತಾಡುವವಳಲ್ಲ. ಆದರೂ ಪ್ರಶ್ನೆ ಕೇಳತೊಡಗಿದಳು. ಬೇಲಿಯಾಚೆ ಏನಿತ್ತು, ಅಜ್ಜಿ ಎಂಥವಳು, ಪರದೆ ಯಾಕೆ ಹಳೆಯದಾಯಿತು. ಕೆಲಸ ನಿಧಾನವಾಯಿತು. ಆ ನಿಧಾನ ಅವಳಿಗೆ ಹಿತವಾಗಿತ್ತು.

ಒಂದು ಹಳದಿ ಪಟ್ಟಿ ಮಾತ್ರ ಯಾರದೆಂದು ರಾಕೆಲ್‌ಗೆ ನೆನಪಾಗಲಿಲ್ಲ. ತಿರುಗಿಸಿ ನೋಡಿದಳು, ಮೂಸಿದಳು. "ಇದು ಯಾರದು? ನಮ್ಮನೇಲಿ ಹಳದಿ ಯಾರೂ ಹಾಕ್ತಿರ್ಲಿಲ್ಲ." ಮುಖ ಬಾಡಿತು. ಆ ದಿನ ಕಡುಬನ್ನೂ ಸರಿಯಾಗಿ ತಿನ್ನದೆ ಎದ್ದು ಹೋದಳು.

ಲೆಂಪಿ ಹೊಸ ಹಾಸು ಹೂಡಿ, ಹಳೆಯ ಪಟ್ಟಿಗಳನ್ನು ಅವೇ ಕ್ರಮದಲ್ಲಿ ನೇಯ್ದು ಮುಗಿಸಿದಳು. ರಾಕೆಲ್ ಬಂದು ಒಯ್ದಳು. ಆ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರೆ, ಕೆಲವು ವಾರಗಳ ನಂತರ, ತೆಪ್ಪ ದಡಕ್ಕೆ ಸರಿಯಾಗಿ ತಾಗುವ ಮುಂಚೆಯೇ ಅವಳು ಅದರಿಂದ ಇಳಿಯುತ್ತಿರುವುದು ಕಿಟಕಿಯಲ್ಲಿ ಕಂಡಿತು. ಏದುಸಿರು ಬಿಡುತ್ತ ಒಳಗೆ ಬಂದಳು.

"ಪಾದ್ರಿಗಳ ಮನೆ ಮೇಜಿನ ಬಟ್ಟೆ," ಎಂದಳು.

"ಏನು?"

"ಹಳದಿ. ಪಾದ್ರಿ ಹೆಂಡ್ತಿ ಮೇಜಿನ ಮೇಲೆ ನಾನೇ ಕಾಫಿ ಚೆಲ್ಲಿದ್ದೆ. ಕಲೆ ಹೋಗ್ಲಿಲ್ಲ. ಅಮ್ಮ ನಾಚಿಕೊಂಡು ಹೊಸದು ನೇಯ್ಕೊಟ್ಟು ಅದನ್ನ ಮನೆಗೆ ತಂದಿದ್ಲು. ಬೆಳಗ್ಗೆ ಕಾಲಿಟ್ಟಾಗ ನೆನಪಾಯ್ತು ಕಣೆ. ಹಾಸಿಗೆಯಿಂದ ಇಳಿದು ಕಾಲಿಟ್ಟೆ, ಅಮ್ಮ ಬೈದಿದ್ದು ಕೇಳಿಸ್ತು."

ಇಷ್ಟು ಹೇಳಲು ಅವಳು ಸರೋವರ ದಾಟಿ ಬಂದಿದ್ದಳು. ಕಾಫಿಗೂ ಕೂರದೆ, ಕಾಯುತ್ತಿದ್ದ ಅದೇ ತೆಪ್ಪದಲ್ಲಿ ವಾಪಸು ಹೋದಳು. ಲೆಂಪಿ ಮಗ್ಗದ ಮೇಲೆ ಅರ್ಧ ಮುಗಿದಿದ್ದ ಕಿತ್ತಳೆ ಬಣ್ಣದ ಜಮಖಾನವನ್ನು ನೋಡಿದಳು. ಅದರ ಬಟ್ಟೆಯನ್ನು ಯಾರೂ ಉಟ್ಟಿರಲಿಲ್ಲ. ಅದರ ಮೇಲೆ ಕಾಲಿಟ್ಟರೆ ಯಾರೂ ಬೈಯುವುದಿಲ್ಲ. ತಾನು ಮಾಡಬೇಕಾದದ್ದು ಏನೆಂಬುದು ಅವಳಿಗೆ ಆಗ ತಿಳಿಯಿತು. ಇಷ್ಟು ದಿನ ತಿಳಿಯದೇ ಇದ್ದದ್ದಕ್ಕೆ ತನ್ನ ಮೇಲೆಯೇ ನಗು ಬಂತು.

ತಿಳಿದದ್ದನ್ನು ಜನರಿಗೆ ಹೇಳುವುದು ಬೇರೆಯೇ ಪಾಡಾಯಿತು. ಅವಳು ಒಂದು ಹಲಗೆ ತಂದು, ಚೆಂದದ ಅಕ್ಷರಗಳಲ್ಲಿ 'ಅಗಲಿದ ಕಾಲದ ಎಳೆಗಳು, ಚಿರಸ್ಮರಣೆಯ ನೇಯ್ಗೆ' ಎಂದು ಬರೆದು ಬಾಗಿಲ ಮೇಲೆ ಏರಿಸಿದಳು. ವಿಲ್ಯಾಮಿ ತೆಪ್ಪದಿಂದಲೇ ಅದನ್ನು ಓದಿ, ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡು ಬಂದ.

"ಯಾರು ತೀರ್ಕೊಂಡ್ರು?"

"ತಮಾಷೆ ಸಾಕು."

"ತಮಾಷೆ ಅಲ್ಲ ಅಕ್ಕ. ಬೆಳಗ್ಗೆ ಲಾರಿಯವನೊಬ್ಬ ಕೇಳ್ದ, ಗೋರಿ ಕಲ್ಲಿನ ಅಂಗಡಿ ಹೊಸದಾ ಅಂತ."

ಅವಳಿಗೆ ಸಿಟ್ಟು ಬಂದರೂ ಹಲಗೆ ಇಳಿಸಿದಳು. ಆ ಮಾತುಗಳು ಅವಳವಲ್ಲ. ಅವಳು ದಿನಾ ಆಡುವ ಬಾಯಲ್ಲಿ ಅವು ಬರುತ್ತಲೂ ಇರಲಿಲ್ಲ.

ಮುಂದಿನ ಸಲ ಪೇಟೆಗೆ ಹೊರಟಾಗ ರಾಕೆಲ್‌ಳನ್ನೂ ಕರೆದಳು. "ನಿನ್ನ ಜಮಖಾನ ಒಂದಿನಕ್ಕೆ ಬೇಕು. ಮಾರಲ್ಲ, ತೋರಿಸೋಕೆ."

"ಅದು ಹೋದಲ್ಲಿ ನಾನೂ ಇರ್ತೀನಿ," ಎಂದು ರಾಕೆಲ್ ಒಳ್ಳೆಯ ಸ್ಕಾರ್ಫ್ ಕಟ್ಟಿಕೊಂಡು ಬಂದಳು.

ಮೇಜಿನ ಮೇಲೆ ಅದೊಂದನ್ನೇ ಹಾಸಿದರು. ಯಾರೋ ಬಣ್ಣ ಚೆನ್ನಾಗಿದೆ ಎಂದರು. ರಾಕೆಲ್ ನೀಲಿ ಗೀಟಿನ ಮೇಲೆ ಬೆರಳಿಟ್ಟು ಶುರು ಮಾಡಿದಳು. ಕತೆ ಬೇಲಿಯ ಹತ್ತಿರ ಬರುವಷ್ಟರಲ್ಲಿ ಮೀನಿನ ರೊಟ್ಟಿಯವಳೂ ತನ್ನ ಮೇಜು ಬಿಟ್ಟು ಬಂದಿದ್ದಳು. ನಿಂತವರಲ್ಲಿ ಉದ್ದ ಕೋಟಿನ ಮುದುಕನೊಬ್ಬ ಮುಂದೆ ಬಂದು ಹೇಳಿದ: "ಅಪ್ಪ ರೈಲ್ವೇಲಿದ್ರು. ಅವರ ಕೋಟು ಅಟ್ಟದಲ್ಲಿದೆ. ಹುಳ ತಿಂದಿದೆ. ಬಿಸಾಕೋಕೆ ಆಗ್ತಿಲ್ಲ. ಕಳಿಸಿಕೊಟ್ರೆ ಮಾಡ್ಕೊಡ್ತೀರಾ?"

ಲೆಂಪಿ ಯೋಚಿಸಲಿಲ್ಲ. "ಬಟ್ಟೆ ತನ್ನಿ, ಜೊತೆಗೆ ನೀವೂ ಬನ್ನಿ. ಪಟ್ಟಿ ಹರಿಯೋಕೆ ನೀವೇ ಬೇಕು. ನಂಗೆ ನಿಮ್ಮಪ್ಪ ಗೊತ್ತಿಲ್ಲ."

ಮುದುಕ ತಲೆಯಾಡಿಸಿದ. ಮುಂದಿನ ಶನಿವಾರ ಬಂದ. ಬಾಗಿಲ ಮೇಲೆ ಹೊಸ ಹಲಗೆಯೂ ಬಂತು, ಅದರ ಮೇಲೆ ಲೆಂಪಿ ಮುದುಕನಿಗೆ ಹೇಳಿದ ಮೊದಲ ಮಾತೇ. ವಿಲ್ಯಾಮಿ ಅದನ್ನೋದಿ, "ಈಗ ನೀನೇ ಕೂಗಿದಂಗಿದೆ" ಎಂದ. ಅವನ ಬಾಯಿಂದ ಅದು ದೊಡ್ಡ ಹೊಗಳಿಕೆ.

ಆಮೇಲಿನ ವರ್ಷಗಳ ಶನಿವಾರಗಳನ್ನು ಕಂಡವರು ಈಗ ಕೆಲವರೇ ಉಳಿದಿದ್ದಾರೆ. ಡೇರಿಯ ಕೋಣೆಯ ತುಂಬ ಬಟ್ಟೆ ಹರಿಯುವ ಪರ್ ಪರ್ ಸದ್ದು, ಏಲಕ್ಕಿ ಬನ್ನಿನ ವಾಸನೆ, ಒಲೆಯ ಮೇಲೆ ಕಪ್ಪಿಟ್ಟ ಕಾಫಿ ಪಾತ್ರೆ. ನರ್ಸುಗಳ ಏಪ್ರನ್ನು, ಕೂಸಿನ ಹೊದಿಕೆ, ಬಿಟ್ಟುಹೋದ ಗಂಡನ ಪೈಜಾಮ. ಆ ಪೈಜಾಮವನ್ನು ತಂದವಳು ಅದನ್ನು ಬಾಗಿಲ ಬಳಿಯ ಕಾಲೊರಸಾಗಿ ನೇಯಿಸಿಕೊಂಡಳು. ಆ ದಿನ ಕೋಣೆಯಲ್ಲಿ ನಕ್ಕವರಿಗೆ ಹೊಟ್ಟೆ ಹಿಡಿದುಕೊಳ್ಳಬೇಕಾಯಿತು. ಅಳುವವರೂ ಇದ್ದರು. ಅತ್ತವರಿಗೆ ಲೆಂಪಿ ಸಮಾಧಾನ ಹೇಳುತ್ತಿರಲಿಲ್ಲ, ಕತ್ತರಿ ಕೊಡುತ್ತಿದ್ದಳು.

ಹೆಲ್ಸಿಂಕಿಯ ದೊಡ್ಡ ಅಂಗಡಿಯೊಂದರಿಂದ ಗುನ್‌ವೋರ್ ಎಂಬ ಹೆಂಗಸು ಬಂದದ್ದು ಆ ಕಾಲದಲ್ಲೇ. ಒಳ್ಳೆಯವಳು. ಇಡೀ ಶನಿವಾರ ಕೂತು ತಾನೂ ಬಟ್ಟೆ ಹರಿದಳು. ಹೊರಡುವ ಮುಂಚೆ, ತಿಂಗಳು ತಿಂಗಳು ಎಷ್ಟು ನೇಯ್ದರೂ ತೆಗೆದುಕೊಳ್ಳುತ್ತೇವೆ ಎಂದಳು. ಪ್ರತಿಯೊಂದಕ್ಕೂ ಅದರ ಕತೆಯ ಚೀಟಿ ಕಟ್ಟಿರಬೇಕು.

"ಬಟ್ಟೆ ಯಾರದು?" ಎಂದಳು ಲೆಂಪಿ.

"ನಾವೇ ಕಳಿಸ್ತೀವಿ. ಗೋದಾಮಿಂದ."

"ಮತ್ತೆ ಕತೆ?"

"ಇಷ್ಟು ಕೇಳಿದೀರಿ. ಅವುಗಳಲ್ಲೇ ಯಾವುದೋ ಒಂದು ಬರೆದ್ರಾಯ್ತು. ಕೊಳ್ಳೋರಿಗೂ ಅದು ಖುಷಿ ಕೊಡತ್ತೆ ಲೆಂಪಿ, ಯಾರಿಗೂ ನಷ್ಟ ಇಲ್ಲ."

ಲೆಂಪಿ ಆಗುವುದಿಲ್ಲ ಎನ್ನಲಿಲ್ಲ. ಡೇರಿಯ ಸೂರು ಸೋರುತ್ತಿತ್ತು, ಭುಜ ನೋಯತೊಡಗಿತ್ತು. ಗೋದಾಮಿನ ಬಟ್ಟೆ ಬಂತು. ಬಹಳ ಅಂದದ ಒಂದು ಜಮಖಾನ ನೇಯ್ದಳು. ಆಮೇಲೆ ಚೀಟಿ ಮುಂದಿಟ್ಟುಕೊಂಡು ಕೂತಳು. ಪಾದ್ರಿಯ ಮನೆಯ ಹಳದಿ ಬಟ್ಟೆ ನೆನಪಿಗೆ ಬಂತು, ಅದು ರಾಕೆಲ್‌ಳದು. ರೈಲ್ವೆ ಕೋಟು ಆ ಮುದುಕನದು. ಒಂದೂ ತನ್ನದಲ್ಲ, ಕೊಡಲು. ಕೊನೆಗೆ ಚೀಟಿಯಲ್ಲಿ 'ಇದು ಗಟ್ಟಿ ಇದೆ' ಎಂದಷ್ಟೇ ಬರೆದು ಕಳಿಸಿದಳು. ಗುನ್‌ವೋರ್‌ಗೆ ಅರ್ಥವಾಗಿರಬೇಕು, ಮತ್ತೆ ಬಟ್ಟೆ ಬರಲಿಲ್ಲ. ಸೂರಿಗೆ ಶನಿವಾರದವರೇ ಹತ್ತಿ ತಗಡು ಹೊಡೆದರು. ಸೋರುವುದು ಪೂರ್ತಿ ನಿಲ್ಲಲಿಲ್ಲ, ಮಗ್ಗದ ಮೇಲೆ ಬೀಳುವುದು ನಿಂತಿತು.

ಸರೋವರಕ್ಕೆ ಸೇತುವೆ ಬಂದು ವಿಲ್ಯಾಮಿಯ ತೆಪ್ಪದ ಓಡಾಟ ನಿಂತ ಮೇಲೂ ಲೆಂಪಿ ಕೆಲವು ವರ್ಷ ನೇಯ್ದಳು. ರಾಕೆಲ್ ಅಷ್ಟರಲ್ಲಿ ತೀರಿಹೋಗಿದ್ದಳು. ಅವಳ ಸ್ಕಾರ್ಫನ್ನು ಮಗಳು ತಂದು ಹರಿದಾಗ ಲೆಂಪಿ ಹೊರಗೆ ಹೋಗಿ ಸರೋವರ ನೋಡುತ್ತ ನಿಂತಿದ್ದಳು. ಒಂದು ಶರತ್ಕಾಲದಲ್ಲಿ ಭುಜ ಪೂರಾ ಸೋತಿತು. ಮಗ್ಗವನ್ನು ರಾಕೆಲ್‌ಳ ಮಗಳು ಸಿನಿಕ್ಕಾಳೇ ಒಯ್ಯುವುದೆಂದು ಆಯಿತು.

ಒಯ್ಯುವ ದಿನ ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಅಡ್ಡ ತಿರುಗಿಸಿದರು, ಓರೆ ಮಾಡಿದರು. ಕೊನೆಗೆ ಗೂಟಗಳನ್ನು ಬಡಿದು ಬಿಚ್ಚಿ, ತೊಲೆ ತೊಲೆಯಾಗಿ ಅಂಗಳಕ್ಕೆ ತಂದು ಹುಲ್ಲಿನ ಮೇಲೆ ಹಾಕಿದರು. ಬರ್ಚ್ ಮರದ ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ಯಾರೋ ಒಳಗಿಂದ ಕಾಫಿ ಪಾತ್ರೆ ತಂದರು. ಕುರ್ಚಿಗಳೆಲ್ಲ ಆಗಲೇ ಹೋಗಿದ್ದರಿಂದ ಎಲ್ಲರೂ ಆ ತೊಲೆಗಳ ಮೇಲೆಯೇ ಕೂತರು.

"ಇಷ್ಟು ವರ್ಷ ಇದರ ಮುಂದೆ ಕೂತೆ. ಇದರ ಮೇಲೆ ಕೂರಬಹುದು ಅಂತ ಗೊತ್ತೇ ಇರ್ಲಿಲ್ಲ," ಎಂದಳು ಲೆಂಪಿ.

"ಮೇಲೆ ಕೂತಿದ್ರೆ ಕೆಲಸ ಆಗ್ತಿರ್ಲಿಲ್ಲ ಬಿಡು," ಎಂದ ವಿಲ್ಯಾಮಿ, ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತ.

ಮಗ್ಗ ಒಯ್ಯಲು ಬಂದಿದ್ದ ಲಾರಿಯವನು ಒಂದು ಸಲ ಹಾರ್ನ್ ಹೊಡೆದು ನೋಡಿದ. ಯಾರೂ ಏಳದಿದ್ದಾಗ ತಾನೂ ಇಳಿದು ಬಂದು ತೊಲೆಯ ತುದಿಯಲ್ಲಿ ಜಾಗ ಮಾಡಿಕೊಂಡು ಕೂತ.