ತಕರಾರು ಇಲ್ಲ

ಇಮಾಮ್‌ಸಾಬರ ಅಂಗಡಿಯನ್ನು ಕೆಡವಿದ್ದು ನಾನು. ಗುದ್ದಲಿ ಹಿಡಿದವರು ಬೇರೆಯವರು, ಆದರೆ ಕೆಡವಿದ್ದು ನಾನೇ—ಒಂದು ಶಬ್ದದ ಅರ್ಥ ಗೊತ್ತಿದ್ದೂ ಹೇಳದೆ. ಎಂಟು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಹೆಂಡತಿಗೂ ಹೇಳಿರಲಿಲ್ಲ.

ಸವಣೂರ ಪೇಟೆಯಲ್ಲಿ ಅರ್ಜಿ ಬರೆದುಕೊಡುವುದು ನನ್ನ ಉದ್ಯೋಗ. ತಂದೆಯವರು ಮನೆಯ ಮುಂದಿನ ಕಟ್ಟೆಯ ಮೇಲೆ ನಾಲ್ಕಾರು ಮಂದಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಅಷ್ಟು ವಿದ್ಯೆ ನನಗೆ ಹತ್ತಲಿಲ್ಲ, ಅರ್ಜಿಗೆ ಸಾಲುವಷ್ಟು ಹತ್ತಿತು. ಎದುರಿಗೆ ತಾಮ್ರ-ಹಿತ್ತಾಳೆ ಪಾತ್ರೆಗಳಿಗೆ ತವರ ಬಳಿಯುವ ಇಮಾಮ್‌ಸಾಬರ ಕಲಾಯಿ ಅಂಗಡಿ. ನವಾಬರ ಕಾಲದಿಂದ ಅಲ್ಲೇ ಇತ್ತು. ಬೆಳಿಗ್ಗೆ ವೀಳ್ಯದೆಲೆಯ ಗಾಡಿಗಳು ಹೋದ ಮೇಲೆ ಅವರ ಕುಲುಮೆಯ ತಿದಿ ಸುರುವಾಗುತ್ತಿತ್ತು. ಆ ಹೊಗೆಗೆ ತಂದೆಯವರು ಕೆಮ್ಮುತ್ತಲೇ ಶ್ಲೋಕ ಹೇಳುತ್ತಿದ್ದರು. ನಮ್ಮ ಮಡಿಯ ಪಾತ್ರೆಗಳೂ ಅವರ ಕೈಯಲ್ಲೇ ಬೆಳ್ಳಗಾಗಿ ಬರುತ್ತಿದ್ದವು. ಬೆಂಕಿ ಕಂಡದ್ದಕ್ಕೆ ಮೈಲಿಗೆ ಇಲ್ಲ ಎಂದು ಅವ್ವನೇ ನಿಯಮ ಮಾಡಿದ್ದಳು.

ಎಪ್ಪತ್ತರ ದಶಕದ ಕೊನೆಗೆ ರಸ್ತೆ ಅಗಲ ಮಾಡುವ ನೋಟೀಸು ಬಂತು. ಒಂದೇ ಬದಿ ಕೆಡವಿದರೆ ಸಾಕು, ಯಾವ ಬದಿಯವರು ತಕರಾರು ಕೊಡುವುದಿಲ್ಲವೋ ಆ ಬದಿಗೇ ಗೆರೆ—ಹೀಗೆಂದು ಅಳತೆಗೆ ಬಂದವನು ನನ್ನ ಕಿವಿಯಲ್ಲಿ ಹೇಳಿದ್ದ. ನಮ್ಮ ಬದಿಯ ತಕರಾರು ಅರ್ಜಿಯನ್ನು ಅಂದೇ ಬರೆದೆ. ಮರುದಿನ ಇಮಾಮ್‌ಸಾಬರು ಕಾಗದ ಹಿಡಿದುಕೊಂಡು ಬಂದರು. ಅವರಿಗೆ ಉರ್ದು ಬರುತ್ತಿತ್ತು, ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಓದಿದೆ. ಅಳತೆಯವನ ಮಾತು ಮಾತ್ರ ಎತ್ತಲಿಲ್ಲ.

"ನಿಮ್ಮದೇನರ ತಕರಾರ ಅದ ಏನ್ರಿ?" ಎಂದು ಕೇಳಿದೆ.

"ತಕರಾರ?" ಅವರು ನೊಂದುಕೊಂಡವರಂತೆ ನೋಡಿದರು. "ನಲವತ್ತ ವರ್ಷ ಆತ್ರಿ ಈ ಪ್ಯಾಟ್ಯಾಗ ಕುಂತು. ಯಾರ ಜೋಡಿನೂ ತಕರಾರ ಮಾಡಿದಾವಲ್ಲ ನಾ. ಇಲ್ಲ ಅಂತ ಬರೀರಿ."

ಅವರ ಮಾತಿನಲ್ಲಿ ತಕರಾರು ಎಂದರೆ ಜಗಳ. ಕಾಗದದ ಮಾತಿನಲ್ಲಿ—ಆಕ್ಷೇಪಣೆ. ನನಗೆ ಆ ಕ್ಷಣ ಹೊಳೆಯಲಿಲ್ಲ ಎಂದು ಹೇಳುವಂತಿದ್ದರೆ... ಇಲ್ಲ, ಹೊಳೆಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ತಲೆ ತಗ್ಗಿಸಿ ಬರೆದೆ: ತಕರಾರು ಇಲ್ಲ. ಕೆಳಗೆ ಅವರು ಉರ್ದುವಿನಲ್ಲಿ ಚೆಂದಾಗಿ ಸಹಿ ಮಾಡಿದರು. ಹಿರಿಯರೇ ಮಾಡಿದ್ದಾರೆಂದು ಆ ಬದಿಯ ಉಳಿದ ಮೂವರೂ ಮಾಡಿದರು.

ಆ ಸಾಲು ಒಂದು ಮುಂಜಾನೆಯಲ್ಲಿ ನೆಲಸಮವಾಯಿತು. ನಮ್ಮ ಕಟ್ಟೆ ಉಳಿಯಿತು. ದೇವರು ದೊಡ್ಡವನು ಅಂದರು ತಂದೆಯವರು. ಇಮಾಮ್‌ಸಾಬರು ಹಿರೇಕೆರೂರಿಗೆ, ಮಗಳ ಮನೆಗೆ ಹೋದರು. ಈಗ ಪೇಟೆಯಲ್ಲಿ ಬಸ್ಸುಗಳು ಎದುರುಬದುರು ಬರುತ್ತವೆ, ಎಲ್ಲಿ ನೋಡಿದರೂ ಸ್ಟೀಲ್ ಪಾತ್ರೆ. ಹೇಗೂ ಕಲಾಯಿಯ ಕಾಲ ಮುಗಿದಿತ್ತಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ—ಆದರೆ ಸ್ಟೀಲು ಬಂದದ್ದು ಅಂಗಡಿ ಬಿದ್ದ ಮೇಲೆ.

ಹೋದ ತಿಂಗಳು ಕೆಲಸದ ಮೇಲೆ ಹಿರೇಕೆರೂರಿಗೆ ಹೋದಾಗ ಇಮಾಮ್‌ಸಾಬರೇ ನನ್ನ ಗುರುತು ಹಿಡಿದು ಕರೆದರು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಡಬ್ಬಿ ಅಂಗಡಿ, ಸ್ಟೋವ್ ರಿಪೇರಿ. ಚಹಾ ತರಿಸಿದರು. ಆಮೇಲೆ ಗಾದಿಯ ಕೆಳಗಿಂದ ಒಂದು ಕಾಗದ ತೆಗೆದರು.

"ನಿನ್ನೆ ಕೊಟ್ಟು ಹೋಗ್ಯಾರ. ಚೊಲೋ ಆತು ನೀವ ಬಂದ್ರಿ. ಓದಿ ಹೇಳ್ರಿ."

ರಸ್ತೆ ಬದಿಯ ಡಬ್ಬಿ ಅಂಗಡಿಗಳನ್ನು ತೆಗೆಸುವ ನೋಟೀಸು. ತಕರಾರು ಇದ್ದಲ್ಲಿ... ಅಲ್ಲಿಗೆ ನನ್ನ ದನಿ ನಿಂತಿತು. ದಾಟಿಸಿ ಓದಿದರೆ ಅದೇ ಪಾಪ ಎರಡನೆಯ ಸಲ. ಅರ್ಥ ಹೇಳಿದರೆ ಮೊದಲನೆಯದೂ ಹೊರಬೀಳುತ್ತದೆ. ಎತ್ತ ಹೋಗಲೂ ದಾರಿಯಿರಲಿಲ್ಲ.

"ತಕರಾರ ಅಂದ್ರ ಜಗಳ ಅಲ್ರಿ," ಎಂದೆ. "ನನಗ ಇದು ಒಪ್ಪಿಗಿಲ್ಲ ಅಂತ ಬರಕೊಡೂದು."

ಅವರು ಚಹಾದ ಕಪ್ಪು ಕೆಳಗಿಟ್ಟರು.

"ಆವತ್ತೂ ಇದ ಅರ್ಥ ಇತ್ತೇನ್ರಿ?"

"ಹೌದ್ರಿ."

"ನಿಮಗ ಗೊತ್ತಿತ್ತು?"

ಗೊತ್ತಿತ್ತು ಎಂದೆ. ಕಟ್ಟೆ, ತಂದೆಯವರು—ಬಾಯಿಗೆ ಬಂದ ನೆಪಗಳನ್ನೆಲ್ಲ ನುಂಗಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಬರೀರಿ," ಅಂದರು.

ಬರೆದೆ. ಅಷ್ಟು ನೆಟ್ಟಗೆ ನಾನು ಯಾವ ಅರ್ಜಿಯನ್ನೂ ಬರೆದಿರಲಿಲ್ಲ. ಸಹಿಗೆಂದು ಪೆನ್ನು ಚಾಚಿದೆ. ಅವರು ಪೆನ್ನು ಮುಟ್ಟಲಿಲ್ಲ. ಕಾಗದವನ್ನಷ್ಟೇ ತೆಗೆದುಕೊಂಡು, ಮೆಲ್ಲಗೆ ರಸ್ತೆ ದಾಟಿ, ಔಷಧ ಅಂಗಡಿಯವರ ಕೈಗೆ ಕೊಟ್ಟು, ಮೊದಲಿಂದ ಕೊನೆಯವರೆಗೆ ಓದಿಸಿ ಕೇಳಿದರು. ಆಮೇಲೆ ಅಲ್ಲಿಯೇ ನಿಂತು ಸಹಿ ಮಾಡಿದರು.