ಮೇಲಿನ ಹಲಗೆ

ನಾಲೆಯ ನೀರು ಬಂದ ಮೇಲೆ ಕೊತ್ತತ್ತಿಯ ರಾಗಿ ಹೊಲಗಳು ಒಂದೊಂದಾಗಿ ಕಬ್ಬಿನ ಗದ್ದೆಗಳಾದವು. ಆಗ ನಾನು ಮಂಡ್ಯದಿಂದ ಸೈಕಲ್ಲಿನಲ್ಲಿ ಹೋಗಿ, ಹೊಸ ತಳಿಯ ಕಬ್ಬು ಹೇಗೆ ಬಂದಿದೆಯೆಂದು ನೋಡಿ ಬರೆದುಕೊಳ್ಳುವ ಸರ್ಕಾರಿ ಕೆಲಸದಲ್ಲಿದ್ದೆ. ಪುರೋಹಿತರ ಮನೆಯಲ್ಲಿ ಬೆಳೆದವನು. ಎದುರಿಗಿದ್ದವರ ಮನಸ್ಸು ನೋಯದಂತೆ ಮಾತಾಡಬೇಕೆಂಬುದನ್ನು ಸಂಧ್ಯಾವಂದನೆಯ ಜೊತೆಗೇ ಕಲಿತಿದ್ದೆ.

ಅಲ್ಲಿಯ ಆಲೆಮನೆಯೊಂದರಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ಮೂವತ್ತು ದಾಟದ ಒಬ್ಬ ರೈತ. ಎತ್ತುಗಳು ಉದ್ದನೆಯ ತೊಲೆಯನ್ನು ಎಳೆಯುತ್ತ ಸುತ್ತುವಾಗ ಅವನು ಅದರ ಕೆಳಗೆ ಕೂತು ಕಬ್ಬನ್ನು ಕಬ್ಬಿಣದ ಉರುಳೆಗಳ ನಡುವೆ ತೂರಿಸಬೇಕು. ಹಿಂದಿನ ವರ್ಷ ಅದೇ ಜಾಗದಲ್ಲಿ ಅವನ ಅಣ್ಣನ ಎರಡು ಬೆರಳು ಹೋಗಿದ್ದವು. ಅದಕ್ಕೇ ಅವನು ಹಲಗೆಗಳಿಂದ ಉದ್ದನೆಯ ಪೆಟ್ಟಿಗೆಯಂಥದನ್ನು ಮಾಡಿಕೊಂಡು ಬಂದಿದ್ದ. ತಳ, ಎರಡು ಬದಿ, ಮೇಲೊಂದು ಮುಚ್ಚುವ ಹಲಗೆ. ಈಚೆ ಬಾಯಿಂದ ಕಬ್ಬು ತಳ್ಳಿದರೆ ಆಚೆ ಬಾಯಿಂದ ಉರುಳೆಗೆ ಹೋಗುತ್ತದೆ; ಕೈ ಒಂದು ಮೊಳ ದೂರದಲ್ಲೇ ಉಳಿಯುತ್ತದೆ.

ಎತ್ತು ಹೊಡೆಯುವವನು ನಕ್ಕ. "ಏನ್ಲಾ, ಕಬ್ಗೆ ಚಟ್ಟ ಕಟ್ಕಂಡ್ ಬಂದಿದ್ದೀಯಾ?"

ಪಾಕ ನೋಡುವ ಮುದುಕ ಕೊಪ್ಪರಿಗೆಯಿಂದ ತಲೆಯೆತ್ತಲೂ ಇಲ್ಲ. "ಒಲೆಗಾಕ್ಲಾ ಅದ. ಸೌದೆಯಾದ್ರೂ ಆಯ್ತದೆ."

ಯಾಕೆಂದು ಮುದುಕ ಹೇಳಲಿಲ್ಲ. ಅಲ್ಲಿ ಬೈಗುಳದ ಕಾರಣವನ್ನು ಬೈಸಿಕೊಂಡವನೇ ಹುಡುಕಿಕೊಳ್ಳಬೇಕು.

ಪೆಟ್ಟಿಗೆ ಮಾಡಿದವನು ನನ್ನ ಕಡೆ ತಿರುಗಿದ. "ಓದ್ದೋರು ನೀವೇಳಿ ಸ್ವಾಮಿ. ಏನಾರ ಐಬು ಅದಾ?"

ಬಗ್ಗಿ ನೋಡಿದೆ. ಇನ್ನೊಮ್ಮೆ ಬಗ್ಗಿ ನೋಡಿದೆ. ಡೊಂಕು ಕಬ್ಬು ಒಳಗೆ ಸಿಕ್ಕಿಕೊಂಡರೆ ಮೊಣಕೈವರೆಗೆ ಕೈ ತೂರಿಸಿ ಬಿಡಿಸಬೇಕು. ಮೇಲೆ ಹಲಗೆಯಿರುವುದರಿಂದ ಬೆರಳು ಎಲ್ಲಿದೆಯೆಂದು ಕಾಣುವುದಿಲ್ಲ. ಕೈಯನ್ನು ಥಟ್ಟನೆ ಎತ್ತುವುದಕ್ಕೂ ಆಗುವುದಿಲ್ಲ. ಇದು ನನಗೆ ಸ್ಪಷ್ಟವಾಗಿಯೇ ಕಂಡಿತು. ಆದರೆ ಆಗಲೇ ಇಬ್ಬರು ಅವನನ್ನು ಹಂಗಿಸಿದ್ದರು. ಅವನ ಮುಖ ಸಣ್ಣದಾಗಿತ್ತು.

"ಚೆನ್ನಾಗಿದೆಯಪ್ಪ, ಒಳ್ಳೆ ಯೋಚನೆ" ಎಂದೆ.

"ಕೇಳುಸ್ಕಂಡ್ಯಾ ಮಾವ?" ಎಂದು ಅವನು ಮುದುಕನಿಗೆ ಹೇಳಿದ.

ಒಂದು ವಾರ ಪೆಟ್ಟಿಗೆ ಸರಿಯಾಗಿ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ನಾನು ಗದ್ದೆಯ ಬದುವಿನಲ್ಲಿದ್ದಾಗ ಕೂಗು ಕೇಳಿತು. ಕಬ್ಬು ಸಿಕ್ಕಿಕೊಂಡಿತ್ತು, ಅವನು ಕೈ ಹಾಕಿದ್ದ. ನಾನು ಹೋಗುವಷ್ಟರಲ್ಲಿ ಎತ್ತುಗಳನ್ನು ಹಿಂದಕ್ಕೆ ನಡೆಸುತ್ತಿದ್ದರು. ಉರುಳೆ ಹಿಂದಕ್ಕೆ ತಿರುಗಿದರೆ ಮಾತ್ರ ಕೈ ಬಿಡುತ್ತದೆ. ಹಿಂದಕ್ಕೆ ನಡೆದು ಆ ಎತ್ತುಗಳಿಗೆ ಅಭ್ಯಾಸವಿರಲಿಲ್ಲ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ನನಗೆ ಹೇಳಲಾಗದು. ಕಬ್ಬಿನ ಹಾಲಿಗೆ ರಕ್ತ ಇಳಿದಿತ್ತು. ಮುದುಕ ಅದನ್ನು ಮಣ್ಣಿಗೆ ಚೆಲ್ಲಿ ಒಲೆಯ ಬೆಂಕಿಯನ್ನು ಹೊರಗೆಳೆದ.

ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿದರು. ತಿಂಗಳ ಮೇಲೆ ನೋಡಲು ಹೋದಾಗ ಅವನು ಜಗಲಿಯ ಮೇಲೆ ಕೂತಿದ್ದ.

"ಅವತ್ತು ನೀವು ಎಲ್ಡ್ ಸಲ ಬಗ್ಗಿ ನೋಡುದ್ರಿ" ಎಂದ. "ಏನೋ ಕಂಡಿತ್ತು, ಅಲ್ವಾ ಸ್ವಾಮಿ?"

"ಕಂಡಿತ್ತು" ಎಂದೆ. "ಮೇಲಿನ ಹಲಗೆ."

"ಏಳ್ಬೇಕಾಗಿತ್ತು. ನಾನೇನ್ ಬೇಜಾರ್ ಮಾಡ್ಕತಿರ್ನಿಲ್ಲ. ನಾಕ್ ಮೊಳೆ ಕೀಳೋ ಕೆಲ್ಸ."

ಮುಂದಿನ ಸುಗ್ಗಿಯಲ್ಲಿ ಅದೇ ಪೆಟ್ಟಿಗೆ ಗಾಣದ ಮುಂದಿತ್ತು, ಮೇಲಿನ ಹಲಗೆಯಿಲ್ಲದೆ. ಬೆರಳು ಕಳೆದುಕೊಂಡಿದ್ದ ಅಣ್ಣ ಅಲ್ಲಿ ಕೂತಿದ್ದ. ಮುದುಕ ನನ್ನನ್ನು ನೋಡಿ, "ಈಗೇಳಿ, ಎಂಗದೆ?" ಎಂದ.

ಬಗ್ಗಿ ನೋಡಿದೆ. ಬಲಬದಿಯಲ್ಲಿ ಒಂದು ಮೊಳೆ ಎದ್ದಿದೆ, ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತದೆ ಎಂದೆ. ಅಣ್ಣ ಎತ್ತು ನಿಲ್ಲಿಸಲು ಹೇಳಿ, ಸುತ್ತಿಗೆ ತರಲು ಎದ್ದ.